ಲೆಕ್ಕ ಒಪ್ಪಿಸಬೇಕಾದ ಮನೆವಾರ್ತೆ: ಕಾರ್ನ್‌ವಾಲ್ ಅಲಯನ್ಸಿನ ಘೋಷಣೆಗಳ ವಿಮರ್ಶೆ

ದೇವರ ಹೆಸರಿನಲ್ಲಿ ಹವಾಮಾನ ಬದಲಾವಣೆಯನ್ನು ಸಂಶಯಿಸುವವರ ಮಾತನ್ನು ಸಭೆಯು ಎರಡು ರೀತಿಯಲ್ಲಿ ತಪ್ಪಾಗಿ ಎದುರುಗೊಳ್ಳಬಹುದು. ಅವರು ವೇದವಚನಗಳನ್ನು ಆಧಾರವಾಗಿ ಕೊಡುತ್ತಾರೆಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡುಬಿಡುವುದು ಮೊದಲನೆಯದು. ಅವರನ್ನು ಅಜ್ಞಾನಿಗಳೆಂದೋ ಎಣ್ಣೆ ಕಂಪನಿಗಳ ಆಳುಗಳೆಂದೋ ಕರೆದು, ಅವರ ವಾದವನ್ನು ಓದದೆಯೇ ಬದಿಗೆ ಸರಿಸುವುದು ಎರಡನೆಯದು. ಮೊದಲನೆಯದರಲ್ಲಿ ವಿವೇಚನೆಯಿಲ್ಲ, ಎರಡನೆಯದರಲ್ಲಿ ನ್ಯಾಯವಿಲ್ಲ. ಪೌಲನು ಥೆಸಲೋನಿಕದ ಸಭೆಗೆ ಕಲಿಸಿದ ಪರಿಶೋಧನೆಯ ಶಿಸ್ತು ಎರಡಕ್ಕೂ ಹೊರತಾದದ್ದು. ಆ ಶಿಸ್ತಿನಿಂದಲೇ ನಾವು ಅಮೆರಿಕದ ಕಾರ್ನ್‌ವಾಲ್ ಅಲಯನ್ಸ್ ಎಂಬ ಸಂಘಟನೆಯ ಘೋಷಣೆಗಳನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ದೂರದ ದೇಶದ ವಿವಾದವೊಂದು ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಸಭಾಪಾಲಕರು ಓದುವ ವ್ಯಾಖ್ಯಾನಗಳು, ಯುವಜನರು ಕೇಳುವ ಪ್ರಸಂಗಗಳು ಬಹಳ ಮಟ್ಟಿಗೆ ಆ ದೇಶದಿಂದಲೇ ಬರುತ್ತವೆ. ವಾದದ ಜೊತೆಗೆ ವಾದದ ಪೂರ್ವಗ್ರಹಗಳೂ ಬರುತ್ತವೆ. ಅದಲ್ಲದೆ, ಈ ಘೋಷಣೆಗಳು ಬಡದೇಶಗಳ ಜನರ ಪರವಾಗಿ ಮಾತಾಡುತ್ತೇವೆಂದು ಹೇಳಿಕೊಳ್ಳುತ್ತವೆ. ಯಾರ ಪರವಾಗಿ ಮಾತಾಡಲಾಗುತ್ತಿದೆಯೋ ಅವರಿಗೆ ಉತ್ತರ ಕೊಡುವ ಹಕ್ಕಿದೆ.

ಘೋಷಣೆಗಳ ಹಿನ್ನೆಲೆ

1967ರಲ್ಲಿ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಪರಿಸರದ ಬಿಕ್ಕಟ್ಟಿನ ಬೇರುಗಳನ್ನು ಪಾಶ್ಚಾತ್ಯ ಕ್ರೈಸ್ತಧರ್ಮದ ಮನುಷ್ಯಕೇಂದ್ರಿತ ದೃಷ್ಟಿಯಲ್ಲಿ ಕಂಡಿತು. ಅಂದಿನಿಂದ ಸೃಷ್ಟಿಯ ಕುರಿತ ದೇವಶಾಸ್ತ್ರವು ಒಂದು ಅರ್ಥದಲ್ಲಿ ಆ ಆರೋಪಕ್ಕೆ ಕೊಟ್ಟ ಉತ್ತರಗಳ ಚರಿತ್ರೆಯಾಗಿದೆ. ಅನೇಕರು ಪಶ್ಚಾತ್ತಾಪದಿಂದ ಉತ್ತರಿಸಿದರು. ಕೆಲವರು ಪ್ರತಿರೋಧದಿಂದ ಉತ್ತರಿಸಿದರು. 1999ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ವೆಸ್ಟ್ ಕಾರ್ನ್‌ವಾಲ್‌ನಲ್ಲಿ ನಡೆದ ಚರ್ಚೆಯಿಂದ ಹುಟ್ಟಿ, 2000ದಲ್ಲಿ ಪ್ರಕಟವಾದ ಕಾರ್ನ್‌ವಾಲ್ ಘೋಷಣೆಯು ಎರಡನೆಯ ಬಗೆಯದು. ಕಥೋಲಿಕ, ಪ್ರೊಟೆಸ್ಟೆಂಟ್ ಮತ್ತು ಯೆಹೂದಿ ಮುಖಂಡರು ಅದಕ್ಕೆ ಸಹಿ ಹಾಕಿದರು. ಮನುಷ್ಯನು ಭೂಮಿಯನ್ನು ಕೆಡಿಸುವವನು ಮಾತ್ರವಲ್ಲ, ಅದನ್ನು ಫಲವತ್ತಾಗಿ ಮಾಡಬಲ್ಲವನೂ ಹೌದೆಂದು ಅದು ಹೇಳಿತು. ಬಡದೇಶಗಳ ಕೊಳಕು ನೀರು, ಸೌದೆ ಮತ್ತು ಬೆರಣಿಯ ಹೊಗೆ ಮುಂತಾದ ತೊಂದರೆಗಳು ನಿಜವಾದವು. ಆದರೆ ಮಾನವಕೃತ ತಾಪಮಾನ ಏರಿಕೆಯ ವಿನಾಶದ ಭಯವು ಆಧಾರವಿಲ್ಲದ್ದು ಅಥವಾ ಅತಿಶಯದ್ದು ಎಂದು ಅದು ವಿಂಗಡಿಸಿತು.

2005ರಲ್ಲಿ ಇಂಟರ್‌ಫೇತ್ ಸ್ಟೀವರ್ಡ್‌ಶಿಪ್ ಅಲಯನ್ಸ್ ಎಂಬ ಹೆಸರಿನಿಂದ ಸಂಘಟನೆಯೊಂದು ರೂಪುಗೊಂಡು, ಅನಂತರ ಕಾರ್ನ್‌ವಾಲ್ ಅಲಯನ್ಸ್ ಎಂಬ ಹೆಸರನ್ನು ಪಡೆಯಿತು. ಇ. ಕ್ಯಾಲ್ವಿನ್ ಬೈಸ್ನರ್ ಅದರ ಮುಖ್ಯ ವಕ್ತಾರರು. 2006ರ ಫೆಬ್ರವರಿಯಲ್ಲಿ 86 ಮಂದಿ ಇವ್ಯಾಂಜೆಲಿಕಲ್ ಮುಖಂಡರು ಹವಾಮಾನ ಬದಲಾವಣೆ ನಿಜವಾದದ್ದೆಂದೂ ಅದರ ಭಾರ ಬಡವರ ಮೇಲೆ ಬೀಳುವುದೆಂದೂ ಸಾರಿದಾಗ, ಅದಕ್ಕೆ ಪ್ರತಿಯಾಗಿ ಸುದೀರ್ಘವಾದ ಉತ್ತರವನ್ನು ಬರೆದವರು ಇವರೇ. 2009ರಲ್ಲಿ ತಾಪಮಾನ ಏರಿಕೆಯ ಕುರಿತ ಇವ್ಯಾಂಜೆಲಿಕಲ್ ಘೋಷಣೆಯೂ, 2010ರಲ್ಲಿ ಪರಿಸರವಾದವನ್ನು 'ಹಸಿರು ಘಟಸರ್ಪ'ವೆಂದು ಕರೆದ ದೃಶ್ಯಮಾಲಿಕೆಯೂ ಬಂದವು. 2009ರ ಘೋಷಣೆಯು ವಿಶ್ವಾಸಪ್ರಮಾಣದ ರೂಪದಲ್ಲಿದೆ: ನಾವು ನಂಬುವುದು ಇದು, ನಾವು ನಿರಾಕರಿಸುವುದು ಇದು ಎಂಬ ಎರಡು ಭಾಗಗಳು. ಹೀಗೆ ಹವಾಮಾನ ವಿಜ್ಞಾನದ ಒಂದು ನಿಲುವು ಸಭೆಯ ವಿಶ್ವಾಸದ ಅರಿಕೆಯ ಉಡುಪನ್ನು ತೊಟ್ಟಿತು. ಆದುದರಿಂದ ಅದನ್ನು ದೇವಶಾಸ್ತ್ರವಾಗಿಯೇ ಪರೀಕ್ಷಿಸುವುದು ನ್ಯಾಯ.

ದೊರೆತನ ಮತ್ತು ಮನೆವಾರ್ತೆ

ಈ ಸಂಘಟನೆಯವರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ಹೆಸರು 'ಸೃಷ್ಟಿಯ ಮನೆವಾರ್ತೆ'. ಅದರ ಬುನಾದಿ ಆದಿಕಾಂಡ 1:28. ಅಲ್ಲಿ ಮನುಷ್ಯನಿಗೆ ಕೊಡಲಾದ ದೊರೆತನವನ್ನು ನಾಚಿಕೆಯ ಸಂಗತಿಯೆಂದು ಅಡಗಿಸಬೇಕಾಗಿಲ್ಲ ಎಂದು ಅವರು ಹೇಳುವಾಗ ನಾವು ಒಪ್ಪುತ್ತೇವೆ. ಉಳುವವನೂ ನೇಯುವವನೂ ಅಣೆಕಟ್ಟು ಕಟ್ಟುವವನೂ ಸೃಷ್ಟಿಗೆ ಶತ್ರುಗಳಲ್ಲ. ಆದರೆ ದೊರೆತನವೆಂದು ನಾವು ಓದುವ ಮಾತಿನ ಹಿಂದಿರುವ 'ರಾದಾ' ಎಂಬ ಇಬ್ರಿಯ ಕ್ರಿಯಾಪದವು ಸತ್ಯವೇದದಲ್ಲಿ ಮತ್ತೆಲ್ಲಿ ಬರುತ್ತದೆಂದು ನೋಡಬೇಕು. ಯಾಜಕಕಾಂಡ 25:43ರಲ್ಲಿ, ಬಡತನದಿಂದ ತನ್ನನ್ನೇ ಮಾರಿಕೊಂಡ ಸಹೋದರನ ಮೇಲೆ ಕ್ರೂರವಾಗಿ ದೊರೆತನ ಮಾಡಬಾರದೆಂಬ ಕಟ್ಟಳೆಯಲ್ಲಿ ಅದೇ ಪದವಿದೆ. ಯೆಹೆಜ್ಕೇಲ 34:4ರಲ್ಲಿ, ಕುರಿಗಳನ್ನು ಹಿಂಸಿಸಿದ ಕುರುಬರ ಮೇಲಿನ ಆರೋಪದಲ್ಲಿ ಅದೇ ಪದವಿದೆ. ಅಂದರೆ ದೊರೆತನವು ಸಮರ್ಥನೆ ಅಲ್ಲ. ಅದು ವಿಚಾರಣೆಗೆ ಒಳಪಡುವ ಅಧಿಕಾರ. ಆದಿಕಾಂಡ 2:15ರಲ್ಲಿ ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಬಳಕೆಯಾದ ಎರಡು ಕ್ರಿಯಾಪದಗಳು ಅರಣ್ಯಕಾಂಡ 3ನೆಯ ಅಧ್ಯಾಯದಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೂ ಬಳಕೆಯಾಗಿವೆ.

ಮನೆವಾರ್ತೆಯವನ ಚಿತ್ರವು ಇದನ್ನೇ ಇನ್ನೂ ಸ್ಪಷ್ಟಪಡಿಸುತ್ತದೆ. ಲೂಕನ ಸುವಾರ್ತೆಯ 12 ಮತ್ತು 16ನೆಯ ಅಧ್ಯಾಯಗಳಲ್ಲಿ ಬರುವ ಮನೆವಾರ್ತೆಯವನಿಗೆ ಎರಡು ಗುರುತುಗಳಿವೆ. ಆಸ್ತಿ ಅವನದಲ್ಲ, ಲೆಕ್ಕವನ್ನು ಅವನು ಒಪ್ಪಿಸಲೇಬೇಕು. ಯಜಮಾನನು ಬರುವುದು ತಡವೆಂದು ಭಾವಿಸಿ ಆಳುಗಳನ್ನು ಹೊಡೆದು ತಿಂದು ಕುಡಿಯುವವನು ತಾನು ಮನೆವಾರ್ತೆಯವನೆಂಬುದನ್ನು ಅಲ್ಲಗಳೆದವನಲ್ಲ, ಲೆಕ್ಕವನ್ನು ಮರೆತವನು. ಕಾರ್ನ್‌ವಾಲ್ ಘೋಷಣೆಗಳಲ್ಲಿ ಉತ್ಪಾದನೆ, ಸ್ವಾತಂತ್ರ್ಯ, ಆಸ್ತಿಯ ಹಕ್ಕು ಇವುಗಳ ಮಾತು ಬಹಳವಾಗಿದೆ. ಲೆಕ್ಕದ ಮಾತು ವಿರಳ. ನಮ್ಮ ವಿಮರ್ಶೆಯ ಉಳಿದ ಭಾಗವು ಈ ಒಂದು ಕೊರತೆಯ ವಿವರಣೆಯೇ ಆಗಿದೆ.

ದೇವರ ಪರಿಪಾಲನೆ ಯಂತ್ರವಲ್ಲ

2009ರ ಘೋಷಣೆಯ ಮೊದಲನೆಯ ನಂಬಿಕೆಯ ಸಾರ ಇದು: ದೇವರು ವಿವೇಕದಿಂದ ರಚಿಸಿ ನಂಬಿಗಸ್ತಿಕೆಯಿಂದ ಪರಿಪಾಲಿಸುತ್ತಿರುವ ಭೂಮಿಯು ದೃಢವಾದದ್ದು, ತನ್ನನ್ನು ತಾನೇ ನಿಯಂತ್ರಿಸಿ ಸರಿಪಡಿಸಿಕೊಳ್ಳುವಂಥದ್ದು; ಆದುದರಿಂದ ವಾಯುಮಂಡಲದ ರಾಸಾಯನಿಕ ರಚನೆಯಲ್ಲಾಗುವ ಅತ್ಯಲ್ಪ ವ್ಯತ್ಯಾಸದಿಂದ ಹವಾಮಾನವು ಅಪಾಯಕರವಾಗಿ ಕೆಡಲಾರದು. ಈ ವಾಕ್ಯದಲ್ಲಿ ಭಕ್ತಿಯಿದೆ. ಆದರೆ 'ಆದುದರಿಂದ' ಎಂಬ ಸಂಧಿಯಲ್ಲಿ ದೋಷವಿದೆ.

ದೇವರು ರಚಿಸಿದ್ದು ಒಳ್ಳೆಯದು ಎಂಬುದರಿಂದ ಅದಕ್ಕೆ ಹಾನಿಯಾಗದು ಎಂಬುದು ಹೊರಡುವುದಿಲ್ಲ. ಮನುಷ್ಯನ ದೇಹವು ಆಶ್ಚರ್ಯಕರವಾಗಿ ರಚಿತವಾಗಿದೆಯೆಂದು ಕೀರ್ತನೆಗಾರನು ಕೊಂಡಾಡುತ್ತಾನೆ. ಆ ದೇಹವೂ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ, ಉಷ್ಣವನ್ನು ತಾನೇ ಕಾಯ್ದುಕೊಳ್ಳುತ್ತದೆ. ಹಾಗೆಂದು ಚಿಟಿಕೆ ವಿಷ ಅದನ್ನು ಏನೂ ಮಾಡದೆಂದು ಯಾವ ವಿಶ್ವಾಸಿಯೂ ವಾದಿಸುವುದಿಲ್ಲ. ಸ್ವಲ್ಪ ಹುಳಿಹಿಟ್ಟು ಕಣಕವನ್ನೆಲ್ಲ ಬದಲಿಸುವ ದೃಷ್ಟಾಂತವನ್ನು ಕೊಟ್ಟ ಪೌಲನಿಗೆ, ಅಲ್ಪವಾದದ್ದರ ಪರಿಣಾಮವೂ ಅಲ್ಪವೆಂಬ ತರ್ಕ ಅಪರಿಚಿತವಾಗಿತ್ತು.

ಇನ್ನೂ ಆಳವಾದ ತೊಡಕೊಂದಿದೆ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಸೃಷ್ಟಿಯೆಂಬ ಕಲ್ಪನೆಯು ಸತ್ಯವೇದಕ್ಕಿಂತ 18ನೆಯ ಶತಮಾನದ ಗಡಿಯಾರದ ದೇವರಿಗೆ ಹತ್ತಿರವಾದದ್ದು. 104ನೆಯ ಕೀರ್ತನೆಯ ಜೀವಜಂತುಗಳು ಕ್ಷಣಕ್ಷಣವೂ ದೇವರ ಕೈಯನ್ನು ನೋಡುತ್ತವೆ. ಆತನು ಮುಖ ಮರೆಮಾಡಿದರೆ ತಲ್ಲಣಿಸುತ್ತವೆ. ಅವಲಂಬನೆಯೇ ಅವುಗಳ ಸ್ವಭಾವ. ಹೋಶೇಯನ 4ನೆಯ ಅಧ್ಯಾಯದಲ್ಲಿ ಜನರ ಸುಳ್ಳು, ಕೊಲೆ, ಕಳ್ಳತನಗಳಿಂದಾಗಿ ದೇಶವು ಪ್ರಲಾಪಿಸುತ್ತದೆ, ಸಮುದ್ರದ ಮೀನುಗಳೂ ಅಳಿದುಹೋಗುತ್ತವೆ. ಯಾಜಕಕಾಂಡ 18ರಲ್ಲಿ ದೇಶವು ತನ್ನ ನಿವಾಸಿಗಳನ್ನು ಕಾರಿಬಿಡುತ್ತದೆ. ಮನುಷ್ಯನ ಪಾಪವು ಭೂಮಿಯನ್ನು ಮುಟ್ಟಲಾರದೆಂಬುದು ಪ್ರವಾದಿಗಳ ಬೋಧನೆಯಲ್ಲ. ಅದು ಪ್ರವಾದಿಗಳನ್ನು ಕೇಳಲೊಲ್ಲದವರ ನಂಬಿಕೆಯಾಗಿತ್ತು.

ನೋಹನಿಗೆ ಕೊಟ್ಟ ವಾಗ್ದಾನ, ಯೋಸೇಫನ ಕಣಜ

ಈ ವರ್ಗದವರು ಹೆಚ್ಚಾಗಿ ಆಶ್ರಯಿಸುವ ವಚನವು ಆದಿಕಾಂಡ 8:22. ಭೂಮಿಯಿರುವ ತನಕ ಬಿತ್ತನೆ ಕೊಯಿಲು, ಚಳಿ ಸೆಕೆ, ಬೇಸಿಗೆ ಚಳಿಗಾಲಗಳು ತಪ್ಪವೆಂಬ ವಾಗ್ದಾನವದು. 2009ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ವಿಚಾರಣೆಯಲ್ಲಿ ಜಾನ್ ಶಿಮ್ಕಸ್ ಆ ಭಾಗವನ್ನು ಓದಿದರು. 2012ರಲ್ಲಿ ಸೆನೆಟರ್ ಜೇಮ್ಸ್ ಇನ್‌ಹೋಫ್ ರೇಡಿಯೋ ಸಂದರ್ಶನದಲ್ಲಿ ಅದನ್ನೇ ಆಧಾರವಾಗಿ ಕೊಟ್ಟು, ದೇವರು ನಡೆಸುವ ಹವಾಮಾನವನ್ನು ಮನುಷ್ಯನು ಬದಲಾಯಿಸಬಲ್ಲನೆಂಬುದು ಅಹಂಕಾರವೆಂದರು.

ಅದೇ ಗ್ರಂಥವನ್ನು ನಾಲ್ಕು ಅಧ್ಯಾಯ ಮುಂದಕ್ಕೆ ಓದಿದರೆ ಸಾಕು. 12:10ರಲ್ಲಿ ಕಾನಾನ್ ದೇಶಕ್ಕೆ ಘೋರವಾದ ಬರ ಬರುತ್ತದೆ. ಅಬ್ರಾಮನು ಐಗುಪ್ತಕ್ಕೆ ಹೋಗುತ್ತಾನೆ. ಇಸಾಕನ ಕಾಲದಲ್ಲಿ ಮತ್ತೊಂದು ಬರ. 41ನೆಯ ಅಧ್ಯಾಯದಲ್ಲಿ ಏಳು ವರ್ಷಗಳ ಕ್ಷಾಮ. ನೋಹನಿಗೆ ಕೊಟ್ಟ ವಾಗ್ದಾನವು ಇವುಗಳಿಂದ ಭಂಗವಾಗಲಿಲ್ಲ. ಏಕೆಂದರೆ ಕಾಲಚಕ್ರವು ನಿಲ್ಲದೆಂಬುದೇ ಅದರ ಅರ್ಥ, ಯಾವ ಊರಿಗೂ ಬರ ಬಾರದೆಂಬುದಲ್ಲ. ಋತುಗಳು ನಡೆಯುತ್ತಿರುವಾಗಲೇ ಮಳೆ ತಪ್ಪಬಹುದು, ಹೊಲ ಒಣಗಬಹುದು, ಜನ ವಲಸೆ ಹೋಗಬಹುದು.

ಮುನ್ಸೂಚನೆ ಸಿಕ್ಕಾಗ ಯೋಸೇಫನು ಮಾಡಿದ್ದನ್ನು ಗಮನಿಸಬೇಕು. ದೇವರು ಋತುಗಳನ್ನು ಕಾಯುವನೆಂದು ಹೇಳಿ ಅವನು ಫರೋಹನನ್ನು ಸಮಾಧಾನಪಡಿಸಲಿಲ್ಲ. ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಡಿಸಿದನು. ದೇವರ ಪರಿಪಾಲನೆಯು ಆ ಕಣಜಗಳ ಮೂಲಕವೇ ನಡೆಯಿತು. ಮುಂಜಾಗ್ರತೆಯು ಅವಿಶ್ವಾಸವೆಂಬ ವಾದಕ್ಕೆ ಆದಿಕಾಂಡದಲ್ಲಿ ಇದಕ್ಕಿಂತ ನೇರವಾದ ಉತ್ತರವಿಲ್ಲ. ಆದರೆ ಆ ಕಥೆಗೆ 47ನೆಯ ಅಧ್ಯಾಯವೂ ಇದೆ: ಅನ್ನಕ್ಕಾಗಿ ಜನರು ದನಕರುಗಳನ್ನೂ ಹೊಲಗಳನ್ನೂ ಕೊನೆಗೆ ತಮ್ಮನ್ನೂ ಫರೋಹನಿಗೆ ಒಪ್ಪಿಸಬೇಕಾಯಿತು. ಆಪತ್ತನ್ನು ತಡೆಯುವ ಹೆಸರಿನಲ್ಲಿ ಅಧಿಕಾರವು ಜನರನ್ನು ನುಂಗಬಹುದೆಂಬ ಕಾರ್ನ್‌ವಾಲ್ ಲೇಖಕರ ಆತಂಕಕ್ಕೆ ಇಲ್ಲಿ ಆಧಾರವಿದೆ. ಅದನ್ನು ನಾವು ಮರೆಮಾಚುವುದಿಲ್ಲ. ಆ ಆತಂಕವು ಕಣಜವನ್ನು ನ್ಯಾಯವಾಗಿ ಕಟ್ಟಬೇಕೆಂದು ಕಲಿಸುತ್ತದೆಯೇ ಹೊರತು, ಬರವೇ ಬಾರದೆಂದು ಹೇಳಲು ಅನುಮತಿ ಕೊಡುವುದಿಲ್ಲ.

ಸಾಕ್ಷ್ಯದ ಪ್ರಶ್ನೆ

ಬರ ಬರುತ್ತಿದೆಯೇ ಎಂಬುದು ಧ್ಯಾನದಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ, ಸಾಕ್ಷ್ಯದಿಂದ ತೀರ್ಮಾನವಾಗುವ ಪ್ರಶ್ನೆ. ಕೈಗಾರಿಕೆಯ ಯುಗಕ್ಕೆ ಮೊದಲು ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಅದು ಸುಮಾರು 315. ಈಗ 420ನ್ನು ದಾಟಿದೆ. ಇದು ಅತ್ಯಲ್ಪವೆಂದು ಘೋಷಣೆಯು ಹೇಳುತ್ತದೆ. ಆದರೆ ಗಾಳಿಯ ಬಹುಪಾಲಾದ ಸಾರಜನಕ ಮತ್ತು ಆಮ್ಲಜನಕಗಳು ಭೂಮಿಯಿಂದ ಹೊರಡುವ ಶಾಖಕಿರಣಗಳನ್ನು ತಡೆಯುವುದಿಲ್ಲ. ತಡೆಯುವ ಕೆಲಸವು ಅಲ್ಪ ಪ್ರಮಾಣದ ಅನಿಲಗಳದ್ದೇ. ಇದನ್ನು ಜಾನ್ ಟಿಂಡಲ್ 1859ರಲ್ಲೇ ಪ್ರಯೋಗದಿಂದ ತೋರಿಸಿದರು. ಹೆಚ್ಚಿದ ಇಂಗಾಲವು ಕಲ್ಲಿದ್ದಲು ಮತ್ತು ಎಣ್ಣೆಯಿಂದ ಬಂದದ್ದೆಂದು ಅದರ ಐಸೊಟೋಪುಗಳ ಪ್ರಮಾಣ ಹೇಳುತ್ತದೆ. ಕೆಳಗಿನ ವಾಯುಪದರ ಬಿಸಿಯಾಗುತ್ತಿರುವಾಗ ಮೇಲಿನ ಪದರ ತಣ್ಣಗಾಗುತ್ತಿದೆ. ಸೂರ್ಯನೇ ಕಾರಣನಾಗಿದ್ದರೆ ಎರಡೂ ಬಿಸಿಯಾಗಬೇಕಿತ್ತು. 2021ರಲ್ಲಿ ಪ್ರಕಟವಾದ ಐಪಿಸಿಸಿ ವರದಿಯ ಪ್ರಕಾರ, 2011ರಿಂದ 2020ರ ದಶಕದ ಭೂಮೇಲ್ಮೈ ಉಷ್ಣತೆಯು 19ನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಮಾನವನ ಪಾತ್ರದ ಬಗ್ಗೆ ಸಂದೇಹವಿಲ್ಲ.

ಇದಕ್ಕೆ ಪ್ರತಿಯಾಗಿ ಅಲಯನ್ಸಿನ ಸಲಹೆಗಾರರಲ್ಲಿ ಒಬ್ಬರಾದ ರಾಯ್ ಸ್ಪೆನ್ಸರ್ ಅವರ ಹೆಸರನ್ನು ಹೇಳಲಾಗುತ್ತದೆ. ಅವರು ಹಗುರವಾಗಿ ಕಾಣಬೇಕಾದ ವಿಜ್ಞಾನಿಯಲ್ಲ. ಜಾನ್ ಕ್ರಿಸ್ಟಿಯವರೊಡನೆ ಉಪಗ್ರಹಗಳಿಂದ ವಾಯುಮಂಡಲದ ಉಷ್ಣತೆಯನ್ನು ಅಳೆಯುವ ವಿಧಾನವನ್ನು ರೂಪಿಸಿದವರು ಅವರು. 1990ರ ದಶಕದಲ್ಲಿ ಅವರ ಅಂಕಿಗಳು ಏರಿಕೆಯನ್ನು ತೋರಿಸದೆ ಇದ್ದುದು ಸಂಶಯವಾದಿಗಳ ದೊಡ್ಡ ಆಧಾರವಾಗಿತ್ತು. ಉಪಗ್ರಹಗಳ ಕಕ್ಷೆ ಕುಸಿಯುವುದರಿಂದ ಆಗುವ ದೋಷವನ್ನು 1998ರಲ್ಲಿ, ಅಳತೆಯ ವೇಳೆ ಸರಿಯುವುದರಿಂದ ಆದ ದೋಷವನ್ನು 2005ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು, ಇವರು ತಿದ್ದಿಕೊಂಡರು. ಈಗ ಅವರದೇ ಸರಣಿಯು ದಶಕಕ್ಕೆ ಸುಮಾರು 0.15 ಡಿಗ್ರಿ ಏರಿಕೆಯನ್ನು ತೋರಿಸುತ್ತದೆ. ಲೆಕ್ಕದಲ್ಲಿ ತಪ್ಪು ಕಂಡಾಗ ತಿದ್ದುವುದು ಮನೆವಾರ್ತೆಯವನ ಮೊದಲ ಗುಣ. ಆ ಗುಣ ಅವರ ಅಂಕಿಗಳಲ್ಲಿದೆ. ಅವರು ಸಹಿ ಹಾಕಿದ ವಿಶ್ವಾಸದ ಅರಿಕೆಗೆ ಅದು ಬರಲಿಲ್ಲ. ವಿಶ್ವಾಸದ ಅರಿಕೆಯನ್ನು ಹೊಸ ಅಳತೆಯಿಂದ ತಿದ್ದಲಾಗುವುದಿಲ್ಲ; ಅಳತೆಯ ವಿಷಯವನ್ನು ವಿಶ್ವಾಸದ ಅರಿಕೆಯಲ್ಲಿ ಸೇರಿಸುವುದರ ಅಪಾಯ ಇದೇ.

ವಿಜ್ಞಾನವೂ ವಿಶ್ವಾಸವೂ ಇಲ್ಲಿ ಎದುರಾಳಿಗಳೆಂದು ಭಾವಿಸುವವರು ಜಾನ್ ಹೌಟನ್ ಅವರನ್ನು ನೆನೆಯಬೇಕು. ಐಪಿಸಿಸಿಯ ವೈಜ್ಞಾನಿಕ ವರದಿಗಳ ಸಂಪಾದನೆಯಲ್ಲಿ ಮುಂದಾಳಾಗಿದ್ದ, 2020ರಲ್ಲಿ ತೀರಿಕೊಂಡ ಆ ವೇಲ್ಸ್ ದೇಶೀಯರು ಇವ್ಯಾಂಜೆಲಿಕಲ್ ಕ್ರೈಸ್ತರಾಗಿದ್ದರು.

ಬಡವರ ಹೆಸರಿನಲ್ಲಿ

ಘೋಷಣೆಗಳ ಅತ್ಯಂತ ಗಂಭೀರವಾದ ವಾದಕ್ಕೆ ಈಗ ಬರುತ್ತೇವೆ. ಅಗ್ಗದ ವಿದ್ಯುತ್ತಿಲ್ಲದೆ ಬಡತನ ನೀಗದು. ಕಲ್ಲಿದ್ದಲು ಮತ್ತು ಎಣ್ಣೆಯನ್ನು ತಡೆದರೆ ಬಡವರೇ ಸಾಯುತ್ತಾರೆ ಎಂಬುದು ಆ ವಾದ. ಬೈಸ್ನರ್ ಬಾಲ್ಯದಲ್ಲಿ ಕೆಲಕಾಲ ಕಲ್ಕತ್ತೆಯಲ್ಲಿದ್ದು, ಅಲ್ಲಿ ಕಂಡ ದಾರಿದ್ರ್ಯವನ್ನು ಮರೆಯಲಾಗಲಿಲ್ಲವೆಂದು ಹೇಳಿಕೊಂಡಿದ್ದಾರೆ. ಆ ಮಾತನ್ನು ಶಂಕಿಸಲು ನಮಗೆ ಕಾರಣವಿಲ್ಲ. ಒಲೆಯ ಹೊಗೆಯೇ ಮೊದಲಾದ ಮನೆಯೊಳಗಿನ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪರಿಸರದ ಹೆಸರಿನಲ್ಲಿ ಬಡವರಿಗೆ ಅನ್ಯಾಯವಾದದ್ದೂ ಉಂಟು. ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರು ಅದಕ್ಕೆ ಸಾಕ್ಷಿ.

ಆದರೂ ಈ ವಾದ ಎರಡು ಕಡೆ ಕುಂಟುತ್ತದೆ. ಮೊದಲನೆಯದಾಗಿ, ಬೆಲೆಯ ಲೆಕ್ಕ ಬದಲಾಗಿದೆ. 2010ರಿಂದ 2023ರೊಳಗೆ ದೊಡ್ಡ ಸೌರಸ್ಥಾವರಗಳ ವಿದ್ಯುತ್ತಿನ ವೆಚ್ಚ ಜಾಗತಿಕವಾಗಿ ಸುಮಾರು ನೂರಕ್ಕೆ 90ರಷ್ಟು ಇಳಿಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆ ಕಾಣದ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. ಅಲ್ಲಿ ಹೊಲವುಳ್ಳವರಿಗೆ ಗುತ್ತಿಗೆ ಹಣ ದೊರೆಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಕೆಲಸ ತಪ್ಪಿತು. ಯೋಸೇಫನ ಕಣಜದ 47ನೆಯ ಅಧ್ಯಾಯವು ನಮ್ಮ ನಾಡಿನಲ್ಲೂ ಇದೆ. ಸಭೆಯು ಕೇಳಬೇಕಾದ ಪ್ರಶ್ನೆ ಆ ಕೂಲಿಯವರ ಪ್ರಶ್ನೆಯೇ. ಕಲ್ಲಿದ್ದಲಿನ ಸಮರ್ಥನೆ ಅವರಿಗೆ ಉತ್ತರವಾಗದು.

ಎರಡನೆಯದಾಗಿ, ಬಡವರ ಹೊಗೆಯನ್ನು ತೋರಿಸಿ ಶ್ರೀಮಂತರ ಹೊಗೆಯನ್ನು ಕ್ಷಮಿಸಲಾಗುತ್ತಿದೆ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊಮ್ಮಿದರೆ ಭಾರತದಲ್ಲಿ ಸುಮಾರು 2 ಟನ್. ಕಲ್ಕತ್ತೆಯ ಗುಡಿಸಲಿಗೆ ದೀಪ ಬೇಕೆಂಬುದು ನಿಜ. ಆ ನಿಜದಿಂದ ಟೆಕ್ಸಸಿನ ಮನೆಯ ಲೆಕ್ಕ ಮನ್ನಾ ಆಗುವುದಿಲ್ಲ. ಬಡವನ ಕುರಿಮರಿಯ ಕಥೆಯನ್ನು ನಾತಾನನು ದಾವೀದನಿಗೆ ಹೇಳಿದ್ದು, ಕೇಳುವ ಅರಸನು ತನ್ನನ್ನೇ ಅದರಲ್ಲಿ ಕಾಣಲೆಂದು. ಇಲ್ಲಿ ಕುರಿಮರಿಯ ಕಥೆಯನ್ನು ಹೇಳುತ್ತಿರುವವನು ಅರಸನೇ.

ಘಟಸರ್ಪ ಯಾವುದು?

ಪರಿಸರವಾದವು ಸುಳ್ಳು ಧರ್ಮವೆಂಬ 2010ರ ಆರೋಪದಲ್ಲೂ ಒಂದು ಎಚ್ಚರಿಕೆಯಿದೆ: ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಆರಾಧಿಸಬಾರದು. ಆದರೆ ಉಷ್ಣಮಾಪಕವನ್ನು ನೋಡುವುದು ಆರಾಧನೆಯಲ್ಲ. ನೆರೆಯವನು ವಿಗ್ರಹಾರಾಧಕನೆಂದು ವಿಚಾರಣೆಯಿಲ್ಲದೆ ಸಾರುವುದು ದಶಾಜ್ಞೆಗಳಲ್ಲಿ ಇನ್ನೊಂದನ್ನು ಮೀರುತ್ತದೆ.

ಆ ಉಪಮೆಯನ್ನು ಆರಿಸಿಕೊಂಡವರು ಅದರ ಮೂಲವನ್ನು ಪೂರ್ತಿಯಾಗಿ ಓದಬೇಕಿತ್ತು. ಪ್ರಕಟನೆ 12ರಲ್ಲಿ ಘಟಸರ್ಪವು ಸ್ತ್ರೀಯನ್ನು ಕೊಚ್ಚಿಕೊಂಡು ಹೋಗುವಂತೆ ಬಾಯಿಂದ ನದಿಯನ್ನು ಹೊರಡಿಸುತ್ತದೆ. ಆಗ ಭೂಮಿಯು ಬಾಯಿ ತೆರೆದು ಆ ನದಿಯನ್ನು ನುಂಗಿ ಆಕೆಗೆ ಸಹಾಯ ಮಾಡುತ್ತದೆ. ಯೋಹಾನನ ದರ್ಶನದಲ್ಲಿ ಭೂಮಿ ಘಟಸರ್ಪದ ಪಕ್ಷದಲ್ಲಿಲ್ಲ. ಆಪತ್ತಿನಲ್ಲಿ ಸಭೆಗೆ ನೆರವಾಗುವ ಸಹಸೃಷ್ಟಿಯದು. ಅದಕ್ಕೆ ಸ್ವಲ್ಪ ಮೊದಲು, 11:18ರಲ್ಲಿ, ಭೂಮಿಯನ್ನು ನಾಶಮಾಡುವವರು ನ್ಯಾಯತೀರ್ಪಿಗೆ ಗುರಿಯಾಗುತ್ತಾರೆ.

ನಮ್ಮ ಲೆಕ್ಕ

ಪರರ ಲೆಕ್ಕವನ್ನು ಕೇಳಿದ ಮೇಲೆ ನಮ್ಮದನ್ನು ಮುಚ್ಚಿಡಲಾಗದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಒಂದು ವರ್ಷದ ಬರವನ್ನು ಇಡಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸಾಕ್ಷ್ಯವನ್ನು ಮೀರಿದ ಮಾತಾದೀತು. ಆದರೆ ಆ ವರ್ಷ ನಮ್ಮ ಸಭೆಗಳು ಮಳೆಗಾಗಿ ಪ್ರಾರ್ಥಿಸಿದಾಗ, ಆ ಪ್ರಾರ್ಥನೆಯಲ್ಲಿ ಪಾಪದ ಅರಿಕೆಗೆ ಎಷ್ಟು ಸ್ಥಳವಿತ್ತು? ನಾವು ಕಾರ್ನ್‌ವಾಲ್ ಘೋಷಣೆಯನ್ನು ಓದಿ ಒಪ್ಪಿದವರಲ್ಲ. ಆದರೂ ಈ ಲೋಕ ಹೇಗೂ ಅಳಿಯುವುದು, ಆತ್ಮ ಉಳಿದರೆ ಸಾಕು ಎಂದು ಬೋಧಿಸುವಾಗಲೆಲ್ಲ ಅದೇ ನಿಲುವಿಗೆ ಬೇರೆ ದಾರಿಯಿಂದ ತಲುಪುತ್ತೇವೆ. ಅವರು ಸೃಷ್ಟಿ ಕೆಡಲಾರದೆಂದು ಲೆಕ್ಕವನ್ನು ಬದಿಗಿಟ್ಟರು. ನಾವು ಸೃಷ್ಟಿ ಕೆಟ್ಟರೂ ಚಿಂತೆಯಿಲ್ಲವೆಂದು ಬದಿಗಿಟ್ಟಿದ್ದೇವೆ. ದೇಹದ ಪುನರುತ್ಥಾನವನ್ನೂ, ನರಳುತ್ತಿರುವ ಸೃಷ್ಟಿಯ ಬಿಡುಗಡೆಯನ್ನೂ ನಂಬುವವರಿಗೆ ಎರಡೂ ಸಲ್ಲದು.

ಆದುದರಿಂದ ಸೃಷ್ಟಿಯ ಸಿದ್ಧಾಂತವನ್ನು ಕಲಿಸುವ ತರಗತಿಯಲ್ಲಿ ಹೋಶೇಯನ ಜೊತೆಗೆ ಮಳೆಯ ಅಂಕಿಅಂಶಗಳನ್ನೂ ಓದಿಸಬೇಕು. ಸುಗ್ಗಿಯ ಹಬ್ಬದ ಆರಾಧನೆಯಲ್ಲಿ ಕಾಣಿಕೆಯ ಜೊತೆಗೆ ಅರಿಕೆಯೂ ಇರಬೇಕು. ಸಭೆಯ ಆಸ್ತಿಯಲ್ಲಿ ಎಷ್ಟು ಕೆರೆ, ಎಷ್ಟು ಮರ, ಎಷ್ಟು ಬಾವಿ ಇದ್ದವು, ಈಗ ಎಷ್ಟಿವೆ ಎಂಬುದನ್ನು ವಾರ್ಷಿಕ ಸಭೆಯಲ್ಲಿ ಹಣದ ಲೆಕ್ಕದೊಂದಿಗೆ ಓದಬೇಕು. ಬಹಳವಾಗಿ ವಹಿಸಿಕೊಂಡವನಿಂದ ಬಹಳವಾಗಿ ಕೇಳಲಾಗುವುದೆಂಬ ಬೋಧನೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಸರಳವಾದ ಆರಂಭ ನಮಗೆ ತೋರುತ್ತಿಲ್ಲ.